ಅಕ್ಷರದ ಬಾಲ

ಹೊಸ ಮನೆ, ಬಣ್ಣದ ಡಬ್ಬಿಗಳ ನಡುವೆ
ಜುಲೈ ೧೪, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ವಾರ್ಡಿನಲ್ಲಿ ನಿಂತೂ ನಿಂತೂ ಕಾಲು ಊದಿಕೊಳ್ಳುತ್ತಿದೆ ಅಂದಿದ್ದೆಯಲ್ಲ, ಕಡಿಮೆಯಾಯಿತಾ? ನರ್ಸಿಂಗ್ ಓದುತ್ತಿರುವವಳಿಗೆ ನಾನು ಬುದ್ಧಿ ಹೇಳಬೇಕು ನೋಡು: ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರು. ಅಮ್ಮ ಚೆನ್ನಾಗಿದ್ದಾಳೆ. ಅಪ್ಪನಿಗೆ ಕೈತುಂಬ ಕೆಲಸ. ಈ ಊರಿಗೆ ಬಂದ ಮೂರು ತಿಂಗಳಲ್ಲಿ ಹನ್ನೊಂದು ಅಂಗಡಿಗಳಿಗೆ ಬೋರ್ಡು ಬರೆದಾಯಿತು. ದೊಡ್ಡ ಅಕ್ಷರ ಅಪ್ಪನದು, ಕೆಳಗಿನ ಸಣ್ಣ ಅಕ್ಷರ ಈಗ ಪೂರ್ತಿ ನನ್ನ ಪಾಲು. ಪ್ರತಿ ಅಕ್ಷರದ ಕೊನೆಯಲ್ಲಿ ಬ್ರಷ್ಷನ್ನು ಬಲಕ್ಕೆಳೆದು ಎತ್ತುವ ನನ್ನ ಚಟ ಮಾತ್ರ ಹೋಗಿಲ್ಲ. "ಅಕ್ಷರಕ್ಕೆ ಬಾಲ ಯಾಕೆ ಅಂಟಿಸ್ತೀಯೇ, ಅದೇನು ಇಲೀನಾ?" ಅಂತ ಅಪ್ಪ ದಿನಾ ಬೈಯುತ್ತಾರೆ. ಪೆನ್ನು ಹಿಡಿದರೂ ಅದೇ ಕಥೆ, ಈ ಪತ್ರವನ್ನೇ ನೋಡು.

ಈಗ ನನ್ನ ಗೋಳು ಕೇಳು. ಈ ಊರಿನಲ್ಲಿ ನನಗಿರುವುದು ಒಬ್ಬಳೇ ಗೆಳತಿ, ಪಕ್ಕದ ಮನೆಯ ಗುಬ್ಬಿ. ಮೊದಲ ದಿನ ಇಡೀ ತರಗತಿ ನನ್ನನ್ನು ಆಕಾಶದಿಂದ ಉದುರಿದವಳ ಹಾಗೆ ನೋಡುತ್ತಿದ್ದಾಗ, ಬೆಂಚಿನಲ್ಲಿ ಸರಿದು ಜಾಗ ಕೊಟ್ಟವಳು ಅವಳೊಬ್ಬಳೇ. ಅದಕ್ಕೇ ಅವಳು ಏನು ಮಾಡಿದರೂ ಸಹಿಸುತ್ತೇನೆ. ಆದರೆ ಸಹನೆಗೂ ಒಂದು ಮಿತಿ ಬೇಡವೇ? ಹೋಗಿ ಹೋಗಿ ಅವಳಿಗೆ ಕನ್ನಡಕದಂಗಡಿಯವರ ಮಗನ ಮೇಲೆ ಮನಸ್ಸಾಗಿದೆ! ಪ್ರತಿ ಪರೀಕ್ಷೆಯಲ್ಲೂ ನನಗಿಂತ ಒಂದೋ ಎರಡೋ ಅಂಕ ಹೆಚ್ಚು ತೆಗೆದು, ಉತ್ತರಪತ್ರಿಕೆಯನ್ನು ನನಗೇ ಕಾಣುವ ಹಾಗೆ ಹಿಡಿಯುತ್ತಾನೆ ಅಂತ ಹಿಂದಿನ ಮೂರು ಪತ್ರಗಳಲ್ಲೂ ಬೈದಿದ್ದೆನಲ್ಲ, ಅದೇ ಜಂಬದ ಕೋಳಿ. ನಗುವಾಗ ಅವನ ಎಡಗಣ್ಣು ಮಾತ್ರ ಚಿಕ್ಕದಾಗುತ್ತದೆ. ಅದನ್ನೆಲ್ಲ ನಾನೇನೂ ಗಮನಿಸಿಲ್ಲ, ಕಣ್ಣಿಗೆ ಬಿತ್ತು ಅಷ್ಟೆ.

ಅವನಿಗೊಂದು ಪತ್ರ ಬರೆದುಕೊಡು ಅಂತ ಗುಬ್ಬಿ ಹತ್ತು ದಿನ ಪ್ರಾಣ ತಿಂದಳು. ಅವಳ ಬರಹ ಕಾಗೆ ಕಾಲು ಗುಬ್ಬಿ ಕಾಲು, ಹೆಸರಿಗೆ ತಕ್ಕ ಹಾಗೆ. ಕೊನೆಗೆ ರೋಸಿಹೋಗಿ ಒಂದೂವರೆ ಪುಟ ಬರೆದು, ಕೆಳಗೆ ಅವಳ ಹೆಸರು ಹಾಕಿ ಕೊಟ್ಟೆ. ಆ ಮಹಾರಾಯ ಮಾಡಿದ್ದೇನು ಗೊತ್ತಾ? ಪತ್ರ ಹಿಡಿದು ಅವರಂಗಡಿಯ ಮುಂದೆ ನಡುರಸ್ತೆಯಲ್ಲಿ ನಿಂತ. ಒಮ್ಮೆ ಕಾಗದ ನೋಡುತ್ತಾನೆ, ಒಮ್ಮೆ ತಲೆಯೆತ್ತಿ ಬೋರ್ಡು ನೋಡುತ್ತಾನೆ. ಅಲ್ಲಿ "ಕಣ್ಣಿನ ಪರೀಕ್ಷೆ ಉಚಿತ" ಅಂತ ಬರೆದವಳು ನಾನು. ಆವತ್ತು ಏಣಿ ಹಿಡಿದುಕೊಂಡಿದ್ದವನು ಅವನೇ. ಪ್ರತಿ ಅಕ್ಷರಕ್ಕೂ ಬಾಲ! ಎದುರಿನ ಔಷಧಿ ಅಂಗಡಿಯಲ್ಲಿ ನಿಂತಿದ್ದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಪ್ಪನ ಮಾತು ಕೇಳಿದ್ದರೆ ಈ ಫಜೀತಿ ಇರುತ್ತಿರಲಿಲ್ಲ.

ಅಮ್ಮ ಆಗಿನಿಂದ ಕೂಗುತ್ತಿದ್ದಾಳೆ, ಮುಗಿಸುತ್ತೇನೆ. ಅಪ್ಪ, ಅಮ್ಮ ಇಬ್ಬರೂ ನಿನ್ನನ್ನು ಕೇಳಿದರು. ಕಾಲು ಜೋಪಾನ.

ನಿನ್ನ
ತಲೆಹರಟೆ ತಂಗಿ

ಇನ್ನೊಂದು ಮಾತು: ಮೊನ್ನೆ ಅವನು ನನ್ನ ಗಣಿತದ ಪುಸ್ತಕ ಇಸಿದುಕೊಂಡು ವಾಪಸ್ ಕೊಟ್ಟ. ಒಳಗೊಂದು ಚೀಟಿ: "ಅಕ್ಷರ ನಿಂದು ಅಂತ ಗೊತ್ತಾಯ್ತು. ಮಾತು ಯಾರ್ದು?" ಗುಬ್ಬಿ ನನಗೆ ಹೇಳಿದ್ದು "ಏನಾದ್ರೂ ಚೆನ್ನಾಗಿ ಬರಿಯೇ" ಅಂತ, ಅಷ್ಟೆ. ಮಾತೆಲ್ಲ ನನ್ನದೇ ಅಕ್ಕಾ, ಎಡಗಣ್ಣಿನ ವಿಷಯವೂ ಸೇರಿ. ಆದರೆ ಬೆಂಚಿನಲ್ಲಿ ಜಾಗ ಕೊಟ್ಟವಳಿಗೆ ಹೇಗೆ ಮೋಸ ಮಾಡಲಿ? "ಮಾತು ಗುಬ್ಬಿಯದು" ಅಂತ ಬರೆದುಕೊಟ್ಟೆ. ಇವತ್ತು ಅವನು ಗುಬ್ಬಿಗೆ ಉತ್ತರ ಕೊಟ್ಟ. ಅವಳು ಕುಣಿಯುತ್ತಾ ಬಂದು, ಎರಡನೇ ಪತ್ರ ಬರೆದುಕೊಡು ಅಂತ ಹೊರಗೆ ಜಗಲಿಯ ಮೇಲೆ ಕೂತಿದ್ದಾಳೆ. ಆಗಿನಿಂದ ಕೂಗುತ್ತಿರುವುದು ಅಮ್ಮನಲ್ಲ, ಇವಳೇ.