ನೀರೆರೆದ ಹಾಳೆಗೂಡು

ಬಿಸಿಲ ಶಕೆ ೨೧೪, ಹದಿಮೂರನೆಯ ತಿಂಗಳು, ಮೂವತ್ತನಾಲ್ಕನೆಯ ತಾರೀಖು
ಕೋಲಾರದ ಹಳೇ ಚಿನ್ನದ ಗಣಿ, ಕೆಳಸುರಂಗದ ಬೀದಿ

ಹಾಳೆಗಳನ್ನು ಮೊದಲು ಬಿಡಿಸಿದ ಹಿರಿಯರಿಗೆ ಪಿನಾಕಿನಿಯ ತಾಯಿ ಮುನಿಚೌಡಮ್ಮ ಮಾಡುವ ನಮಸ್ಕಾರಗಳು.

ಈ ತಾರೀಖು ನಿಮ್ಮ ಕಾಲದ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನನ್ನ ಕೆಲವು ಮಾತುಗಳೂ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ಕಾಗದ ನಿಮಗೆ ಮುಟ್ಟುವ ದಾರಿ ಯಾವುದೆಂದು ನನಗೆ ತಿಳಿಯದು. ಆದರೂ ಬರೆಯುತ್ತಿದ್ದೇನೆ. ಬೇರೆ ಯಾರನ್ನು ಕೇಳಲಿ?

ನೆಲದ ಮೇಲೆ ಹಗಲು ನಿಲ್ಲಲಾಗದೆ ನಾವು ಗಣಿಯೊಳಗೆ ಸಂಸಾರ ಹೂಡಿ ತಲೆಮಾರುಗಳು ಕಳೆದಿವೆ. ದೀಪದ ಬೆಳಕಿನಲ್ಲಿ ರಾಗಿ ಬೆಳೆಯುತ್ತೇವೆ. ತಲೆಗೊಂದು ಚೊಂಬು ಪಾಲುನೀರು, ಅಂದರೆ ಬೀದಿಯವರು ಅಳೆದು ಕೊಡುವ ದಿನದ ನೀರು. ಕುಡಿಯಲಿಕ್ಕೂ ಅದೇ, ಅಡುಗೆಗೂ ಅದೇ. ಮೇಲಿನ ಬಿಸಿಲನ್ನು ಹಿಡಿದಿಡಲು ಹಾಳೆಗೂಡುಗಳಿವೆ. ನೀವು ಬ್ಯಾಟರಿ ಎನ್ನುತ್ತಿದ್ದಿರಂತೆ. ಒಳಗೆ ಕೆಲವೇ ಪರಮಾಣುಗಳಷ್ಟು ದಪ್ಪದ ಕಪ್ಪು ಹಾಳೆಗಳು, ಅವುಗಳ ಸಂದಿಗೆ ಲಿಥಿಯಂ ನುಗ್ಗಿ ಕೂರುತ್ತದೆ, ಬೇಕಾದಾಗ ಹೊರಟು ಬರುತ್ತದೆ. ಇಷ್ಟು ನಮಗೆ ಬಾಯಿಪಾಠ. ಹಾಳೆ ಮಾಡುವುದು ಹೇಗೆಂದು ಮಾತ್ರ ಯಾರಿಗೂ ಗೊತ್ತಿಲ್ಲ. ನೀವು ಪದರ ಪದರವಾಗಿ ಬಿಡಿಸಿ ಮಾಡಿಟ್ಟದ್ದನ್ನೇ ಬಳಸುತ್ತಾ ಬಂದಿದ್ದೇವೆ.

ನನ್ನ ಮಗಳಿಗೆ ಹುಟ್ಟಿನಿಂದ ಶ್ವಾಸಕೋಶ ಸೋತಿದೆ. ಅವಳು ಬದುಕಿರುವುದು ಉಸಿರುಪೆಟ್ಟಿಗೆಯಿಂದ. ಆ ಪೆಟ್ಟಿಗೆಯನ್ನು ನಡೆಸುತ್ತಿದ್ದದ್ದು ನಮ್ಮ ಬೀದಿಯಲ್ಲಿ ಉಳಿದಿದ್ದ ಒಂದೇ ಹಾಳೆಗೂಡು.

ಆಯುಧಪೂಜೆಯ ದಿನ ನಾವು ಯಂತ್ರಗಳಿಗೆ ನೀರೆರೆಯುತ್ತೇವೆ. ಬಾಯಾರಿದ ಜನ ತಮ್ಮ ಚೊಂಬನ್ನು ಯಂತ್ರದ ಮೇಲೆ ಸುರಿಯುವುದಕ್ಕಿಂತ ದೊಡ್ಡ ಮರ್ಯಾದೆ ನಮ್ಮಲ್ಲಿಲ್ಲ. ಗೂಡಿನ ಮುಚ್ಚಳ ಭದ್ರವಾಗಿದ್ದುದರಿಂದ ಇಷ್ಟು ಕಾಲ ಏನೂ ಆಗಿರಲಿಲ್ಲ. ಈ ಸಲ ಗೂಡಿನ ಶಕ್ತಿ ಕುಂದಿತ್ತು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಸಂದಿ ಮುಚ್ಚಿರಬೇಕು. ಗೂಡುಗಳನ್ನು ನೋಡಿಕೊಳ್ಳುವ ನಮ್ಮ ಅಂಕಪ್ಪಣ್ಣ, ನಾಲ್ಕು ದಿನ ತಾನು ನೀರು ಕುಡಿಯುವುದನ್ನು ಅರ್ಧ ಮಾಡಿ ಉಳಿಸಿದ್ದ. "ಮೇಲ್ ಮೇಲೆ ಎಷ್ಟು ಉಯ್ದ್ರೇನಮ್ಮ, ಒಳಗಿರೋ ಜೀವಕ್ಕೆ ಮುಟ್ಟಬೇಕಲ್ಲ" ಎಂದು ಮುಚ್ಚಳ ಬಿಚ್ಚಿ ಎಲ್ಲವನ್ನೂ ಸುರಿದ.

ಗೂಡು ಬುಸುಗುಟ್ಟಿತು, ಗಂಟಲು ಕಟ್ಟುವ ಹೊಗೆ ಎದ್ದಿತು. ದೇವರು ಎಚ್ಚರಗೊಂಡನೆಂದು ಜನ ಕೈಮುಗಿದರು. ಅಂದೇ ಪೆಟ್ಟಿಗೆ ನಿಂತಿತು. ಕೆಲವು ದಿನಗಳಲ್ಲಿ ಕಪ್ಪು ಹಾಳೆಗಳೆಲ್ಲ ಬೆಳ್ಳಗಾಗಿ ಪುಡಿಯಾದವು. ಒಳ್ಳೆಯದಾಗಲಿ ಎಂದು ಅಂಕಪ್ಪಣ್ಣ ಆ ಪುಡಿಯನ್ನು ನನ್ನ ಮಗಳ ಹಣೆಗೆ ವಿಭೂತಿಯಂತೆ ಹಚ್ಚಿದ. ಅವನನ್ನು ಬೈಯೋಣವೆಂದರೆ ಬಾಯಿ ಬರುವುದಿಲ್ಲ. ನನಗೂ ಆಗ ತಿಳಿದಿರಲಿಲ್ಲ. ಮೇಲಿನ ಸುರಂಗದವರು ಬಂದು ನೋಡಿ, ನೀರು ಸೋಕಿದರೆ ಹಾಳೆ ಸಾಯುತ್ತದೆ ಎಂದರು. ಕೊಡಲು ಅವರಲ್ಲೂ ಗೂಡಿಲ್ಲ.

ಪೆಟ್ಟಿಗೆ ನಿಂತ ಗಳಿಗೆಯಿಂದ ಕಮ್ಮಾರರ ತಿದಿಯನ್ನು ಪೆಟ್ಟಿಗೆಯ ಕೊಳವೆಗೆ ಕಟ್ಟಿ, ಬೀದಿಯವರೆಲ್ಲ ಸರದಿಯ ಮೇಲೆ ಒತ್ತಿ ಅವಳಿಗೆ ಉಸಿರು ಕೊಡುತ್ತಿದ್ದೇವೆ. ಮೊದಮೊದಲು ಜನ ನಾ ಮುಂದು ತಾ ಮುಂದು ಎಂದು ಬರುತ್ತಿದ್ದರು. ಈಗ ತೋಳು ಸೋತು ಒಬ್ಬೊಬ್ಬರೇ ಹಿಂದೆ ಸರಿಯುತ್ತಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಹೆದರಿಕೆಯಿದೆ. ಅಂಕಪ್ಪಣ್ಣ ಮಾತ್ರ ತನ್ನ ಸರದಿ ಮುಗಿದರೂ ಏಳುವುದಿಲ್ಲ.

ಹಿರಿಯರೇ, ಹಾಳೆ ಬಿಡಿಸುವುದನ್ನು ಕಲಿತ ನೀವು ಅದಕ್ಕೆ ಯಾವುದು ವಿಷವೆಂಬುದನ್ನೂ ಬಲ್ಲಿರಿ. ಆ ಮಾತನ್ನು ಓದು ಬಲ್ಲವರ ನಡುವೆಯೇ ಇಟ್ಟುಕೊಳ್ಳಬೇಡಿ. ಅಡುಗೆಮನೆಯಲ್ಲಿ ಹೇಳಿ, ಮಕ್ಕಳ ಆಟದಲ್ಲಿ ಸೇರಿಸಿ. ನೀರಿಲ್ಲದ ಜನ ಒಂದು ದಿನ ಪ್ರೀತಿಯಿಂದ ಅದಕ್ಕೆ ನೀರು ಕೊಡಲು ಬರುತ್ತಾರೆ ಎಂದು ನೆನಪಿಡಿ.

ಈಗಷ್ಟೇ ಪಿನಾಕಿನಿ ನನ್ನನ್ನು ಕರೆದು, ತಿದಿಯ ಎರಡು ಒತ್ತಿನ ನಡುವೆ ಹೇಳಿದಳು: "ಅಮ್ಮಾ, ಅಂಕಪ್ಪ ಮಾಮಂಗೆ ಕೈ ನೋಯ್ತಾ ಐತೆ. ಒಂದ್ ಗಳಿಗೆ ಬಿಟ್ಬಿಡು ಅಂತ ನೀನಾದ್ರೂ ಹೇಳಮ್ಮ."