ಎಪ್ಪತ್ತಕ್ಕೆ ಮೆಟ್ಟಿಲು ಗುಡಿಸಿದ್ದು

ಜೂನ್ 10, ಬೆಳಿಗ್ಗೆ. ಕೋಪನ್‌ಹೇಗನ್ ಹಿಂದೆ ಬಿತ್ತು

ಐಲರ್ಟ್ ಇವತ್ತೂ ಎಲ್ಲರಿಗಿಂತ ಮೊದಲೇ ಎದ್ದು ಮೇಲಿನ ಡೆಕ್ಕಿನ ನಾಲ್ಕು ಕುರ್ಚಿಗಳಿಗೆ ಟವೆಲ್ ಹಾಸಿ ಬಂದ. ಕಸ್ಟಮ್ಸ್ ಇಲಾಖೆಯಿಂದ ನಿವೃತ್ತನಾದರೂ ಗಡಿ ಹಾಕುವ ಚಟ ಹೋಗಿಲ್ಲ. ಅವನ ಹೆಂಡತಿ ಗೇಶೆ ಟವೆಲಿಲ್ಲದ ಐದನೇ ಕುರ್ಚಿಯಲ್ಲಿ ಕೂತಳು. ಬೇಕಂತಲೇ.

ಹಡಗು ಸಣ್ಣದು, ನಿಧಾನದ್ದು. ಬ್ರೆಮೆನ್‌ನಲ್ಲಿ ಇಡೀ ಆಯುಷ್ಯ ಟ್ರಾಮ್ ಓಡಿಸಿದವನು ನಾನು. ಹಳಿಯಿಲ್ಲದೆ ಚಲಿಸುವ ಯಾವುದರ ಮೇಲೂ ನಂಬಿಕೆಯಿಲ್ಲ. ಆದರೆ ಇಲ್ಲಿನ ಉಪ್ಪಿನಲ್ಲಿಟ್ಟ ಹೆರಿಂಗ್ ಮೀನು ಚೆನ್ನಾಗಿದೆ. ಹಡಗನ್ನು ಕ್ಷಮಿಸಿದ್ದೇನೆ.

ನಾಲ್ಕನೆಯವಳು ವೀಬ್ಕೆ. ಗಂಡ ಹೋಗಿ ಏಳು ವರ್ಷ. ಪ್ರಯಾಣ ಮುಗಿದು ಹಡಗು ಕೀಲ್‌ಗೆ ಮರಳಿದ ಮೇಲೆ ಅವಳು ಅಲ್ಲೇ ಉಳಿಯುತ್ತಾಳೆ, ಮಗಳ ಬೀದಿಯಲ್ಲಿ ಹೊಸ ಮನೆ. ನಾವು ಮೂವರು ರೈಲು ಹತ್ತಿ ಬ್ರೆಮೆನ್‌ಗೆ. ನಮ್ಮ ಗುರುವಾರದ ಇಸ್ಪೀಟಿಗೆ ನಾಲ್ಕು ಜನ ಬೇಕೇ ಬೇಕು. ಆಟ ಸತ್ತಿತು ಅಂತ ಐಲರ್ಟ್ ಗೋಳಾಡುತ್ತಿದ್ದಾನೆ. ನಾನೂ ಗೋಳಾಡುತ್ತಿದ್ದೇನೆ — ಇಸ್ಪೀಟಿನ ಹೆಸರಿನಲ್ಲಿ.

ಕೀಲ್ ಬರುವುದರೊಳಗೆ ಅವಳಿಗೆ ಹೇಳಿಬಿಡಬೇಕು. ಏನು ಅಂತ ಇಲ್ಲೂ ಬರೆಯುವ ಧೈರ್ಯವಿಲ್ಲ. ಭಲೇ ಗಂಡಸು.

ಜೂನ್ 11, ರಾತ್ರಿ ಊಟದ ನಂತರ. ಹೊರಗೆ ಇನ್ನೂ ಹಗಲು

ಸಂಚು ಬಯಲಾಯಿತು. ಗೇಶೆ ಬಾರಿನಿಂದ ಬಿಯರ್ ಬಾಟಲಿಯ ಮುಚ್ಚಳಗಳನ್ನು ಚೀಲದಲ್ಲಿ ಕೂಡಿಡುತ್ತಿದ್ದಾಳೆ. ಹದಿನಾಲ್ಕಕ್ಕೆ ನನಗೆ ಎಪ್ಪತ್ತು. ಅವತ್ತು ರೀಗಾದಲ್ಲಿ ಇರುತ್ತೇವೆ.

ನಮ್ಮ ಬ್ರೆಮೆನ್‌ನಲ್ಲಿ ಮದುವೆಯಾಗದೆ ಮೂವತ್ತು ತುಂಬಿದ ಗಂಡಸು ಚರ್ಚಿನ ಮೆಟ್ಟಿಲು ಗುಡಿಸಬೇಕು. ಕಸ ಸುರಿಯುವುದು ಸ್ನೇಹಿತರ ಧರ್ಮ. ಕನ್ಯೆಯೊಬ್ಬಳು ಬಂದು ಮುತ್ತು ಕೊಟ್ಟರೆ ಬಿಡುಗಡೆ. ನನಗೆ ಮೂವತ್ತಾದ ದಿನ ಅಪೆಂಡಿಕ್ಸ್ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದೆ.

"ಬಾಕಿ ಅಂದ್ರೆ ಬಾಕಿ," ಎಂದ ಐಲರ್ಟ್. "ಎಪ್ಪತ್ತಾದ್ರೇನು? ಬ್ರಹ್ಮಚಾರಿ ತಾನೆ ನೀನು?"

"ಯಾರೂ ಮುತ್ತು ಕೊಡದಿದ್ದರೆ?"

"ಗುಡಿಸ್ತಾ ಇರು. ಹಡಗು ನಮ್ಮನ್ನ ಕರಕೊಂಡು ಹೋಗುತ್ತೆ."

ಸೂಪಿನ ಬಟ್ಟಲು ನೋಡುತ್ತಾ, ಏನೂ ಆಸೆಯಿಲ್ಲದವನಂತೆ ಕೇಳಿದೆ: "ವಿಧವೆ ಕೊಟ್ಟರೆ ನಡೆಯುತ್ತಾ?"

"ಇಬ್ಬರು ಮೊಮ್ಮಕ್ಕಳಿರೋ ಕನ್ಯೆಯನ್ನ ಎಲ್ಲಾದ್ರೂ ನೋಡಿದೀಯೇನೋ? ನಿಯಮ ಅಂದ್ರೆ ನಿಯಮ."

ವೀಬ್ಕೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದಳು. ಎರಡನೇ ಸಲ. ಅದೇ ಬ್ರೆಡ್ಡಿಗೆ.

ಜೂನ್ 14, ರೀಗಾ

ಗುಡಿಸಿದೆ. ತಲೆ ಮೇಲೆ ಐಲರ್ಟ್ ತಂದ ಉದ್ದ ಟೋಪಿ. ಕೈಯಲ್ಲಿ ಬೂಟ್ ಪಾಲಿಷಿನ ಬ್ರಷ್ಷು — ಪೊರಕೆ ಕೊಟ್ಟರೆ ಅದೆಂಥ ಶಿಕ್ಷೆ? ಹಳೇ ಚರ್ಚಿನ ಮೆಟ್ಟಿಲ ಮೇಲೆ ಗೇಶೆ ಮುಚ್ಚಳಗಳನ್ನು ಸುರಿದಳು, ಧಾರೆ ಎರೆಯುವ ಗಾಂಭೀರ್ಯದಲ್ಲಿ. ನಾನು ಕೆಳಗೆ ತಳ್ಳುವುದು, ಐಲರ್ಟ್ ಬಾಚಿ ಮತ್ತೆ ಮೇಲೆ ಎಸೆಯುವುದು. ಅರ್ಧ ಹಡಗು ನೆರೆದಿತ್ತು. ಸ್ಥಳೀಯ ಪೊಲೀಸನೊಬ್ಬ ಬಂದ, ನೋಡಿದ, ಫೋಟೋ ತೆಗೆದುಕೊಂಡು ಹೋದ.

ಬೆನ್ನು ಹಿಡಿದುಕೊಂಡಿತು. ಆದರೂ ಸುಳ್ಳೇಕೆ, ಜನ್ಮದಲ್ಲಿ ಇಷ್ಟು ನಕ್ಕಿರಲಿಲ್ಲ.

ಮೆಟ್ಟಿಲ ಪಕ್ಕ ಹೂ ಮಾರುವ ಮುದುಕಿ ಬಹಳ ಹೊತ್ತಿನಿಂದ ನೋಡುತ್ತಿದ್ದಳು. ಎಂಬತ್ತರ ಹತ್ತಿರ. ಹೆಸರು ವೆಲ್ತಾ. ಅಲ್ಪಸ್ವಲ್ಪ ಜರ್ಮನ್ ಬರುತ್ತದೆ. ಏನಿದು ಎಂದಳು. ಐಲರ್ಟ್ ವಿವರಿಸಿದ.

"ಹಾಗಾದರೆ ನಾನಾಗಬಹುದು," ಎಂದು ಉಂಗುರವಿಲ್ಲದ ಬೆರಳು ತೋರಿಸಿದಳು.

"ಯಾಕಮ್ಮ ಮದುವೆ ಆಗಲಿಲ್ಲ?" ಎಂದೆ.

"ಒಳ್ಳೆಯವನು ಸಿಗಲಿಲ್ಲ." ನನ್ನನ್ನು ಟೋಪಿಯಿಂದ ಬೂಟಿನವರೆಗೆ ನೋಡಿದಳು. "ಈಗಲೂ ಸಿಕ್ಕಿಲ್ಲ."

ಹೇಳಿ, ಕೆನ್ನೆಗೆ ಚಟಾರನೆ ಮುತ್ತು ಕೊಟ್ಟಳು. ಚಪ್ಪಾಳೆಗೆ ಪಾರಿವಾಳ ಎದ್ದವು. ಐಲರ್ಟ್ ಬಿಡುಗಡೆ ಘೋಷಿಸಿದ. ಅವಳ ಬುಟ್ಟಿಯ ಹೂವನ್ನೆಲ್ಲ ಕೊಂಡೆ.

ವೀಬ್ಕೆಗೂ ಒಂದು ಗೊಂಚಲು ಕೊಟ್ಟೆ. "ಥ್ಯಾಂಕ್ಸ್," ಎಂದಳು. ಟ್ರಾಮಿನಲ್ಲಿ ಕಾಲು ತುಳಿದವನಿಗೆ "ಪರವಾಗಿಲ್ಲ" ಅನ್ನುವ ದನಿಯಲ್ಲಿ.

ಜೂನ್ 16, ಟಾಲಿನ್

ವೀಬ್ಕೆ ಎರಡು ದಿನದಿಂದ ಮಾತಾಡಿಲ್ಲ. ಇಸ್ಪೀಟಿನಲ್ಲಿ ನನ್ನ ಜೊತೆಗಾರ್ತಿಯಾಗಿ ಬಂದು ನನ್ನ ಎಲೆಯನ್ನೇ ಹೊಡೆದಳು. ಗೊತ್ತಿದ್ದೂ.

ಗೇಶೆ ನನ್ನನ್ನು ಕೋಟೆ ಗೋಡೆಯ ಹತ್ತಿರ ಎಳೆದುಕೊಂಡು ಹೋದಳು.

"ನೀನೆಂಥ ಕತ್ತೆ ಕಣೋ ಹಿನ್ನರ್ಕ್! ಅವತ್ತು ಅವಳು ಬ್ಯಾಗ್ ನನ್ನ ಕೈಗೆ ಕೊಟ್ಟು, ತುಟಿಗೆ ಬಣ್ಣ ಹಚ್ಚಿ, ಎರಡು ಮೆಟ್ಟಿಲು ಇಳಿದಿದ್ದಳು. ಅಷ್ಟರಲ್ಲಿ ಆ ಹೂವಿನಜ್ಜಿ ನುಗ್ಗಿದಳು. ನೀನೋ, ಹಲ್ಲು ಕಿರಿದುಕೊಂಡು ನಿಂತೆ!"

"ಆದರೆ ನಿಯಮ…"

"ನಿಯಮಕ್ಕೆ ಬೆಂಕಿ ಬೀಳ. ಅದು ನನ್ನ ಗಂಡನ ಕಾಯಿಲೆ, ನಿನಗ್ಯಾಕೆ ಅಂಟಿಸಿಕೊಂಡೆ?"

ಎರಡು ಮೆಟ್ಟಿಲು ಇಳಿದಿದ್ದಳು. ಎರಡು ಮೆಟ್ಟಿಲು!

ರಾತ್ರಿ ಊಟಕ್ಕೆ ಏನು ತಿಂದೆನೋ ಗೊತ್ತಿಲ್ಲ. ಎರಡು ಸಲ ತಿಂದೆ ಅಂತ ಐಲರ್ಟ್ ಹೇಳುತ್ತಾನೆ.

ಜೂನ್ 18, ಸ್ಟಾಕ್‌ಹೋಮ್

ಮನೆಗೆ ಮರಳುವ ಮೊದಲಿನ ಕೊನೆಯ ಬಂದರು. ದಡದ ಬೆಂಚು. ಕಾಫಿ, ದಾಲ್ಚಿನ್ನಿ ಬನ್ನು, ವೀಬ್ಕೆ, ನಾನು. ಭಾಷಣ ತಯಾರಿತ್ತು. ಹಳೇ ಚಟ — ನೇರವಾಗಿ ಹೋಗದೆ ಎಲ್ಲ ನಿಲ್ದಾಣಗಳಲ್ಲೂ ನಿಂತು ನಿಂತು ಹೊರಟೆ.

"ಕೀಲ್‌ನಲ್ಲಿ ಗಾಳಿ ಜಾಸ್ತಿಯಂತೆ."

"ಹ್ಞೂಂ."

"ಮನೆ ಮೂರನೇ ಮಹಡಿ ಅಲ್ವಾ?"

"ಮೂರನೇದು. ಲಿಫ್ಟಿಲ್ಲ. ಮೆಟ್ಟಿಲು ಗುಡಿಸೋ ಸರದಿ ಬೇರೆ, ವಾರ ಬಿಟ್ಟು ವಾರ ನಂದು. ನನ್ನ ಮೊಣಕಾಲಿನ ಕತೆ ನಿನಗೆ ಗೊತ್ತಲ್ಲ."

ನಾನು, ಮಹಾಜಾಣ: "ಯಾರಾದರೂ ಕೆಲಸದವರು ಸಿಗಬಹುದು."

"ರೀಗಾದಲ್ಲಿ ಒಬ್ಬನ್ನ ನೋಡಿದೆ. ಕೆಲಸ ಸುಮಾರು. ಮೂಲೆ ಬಿಡ್ತಾನೆ. ಪೊರಕೆ ಕೊಟ್ಟು ನೋಡಬೇಕು."

ಕಾಫಿ ಲೋಟ ಬೆಂಚಿನ ಮೇಲಿಟ್ಟೆ.

"ಅವನಿಗೆ ವಯಸ್ಸಾಗಿದೆ," ಎಂದೆ.

"ಮೆಟ್ಟಿಲೂ ಹಳೇದೇ."

"ಗೊರಕೆ ಹೊಡೀತಾನೆ."

"ಇಡೀ ಹಡಗಿಗೇ ಕೇಳ್ಸುತ್ತೆ ಮಾರಾಯ. ಊಟ, ವಸತಿ ಕೊಡ್ತೀನಿ. ಬರ್ತಾನೋ ಇಲ್ವೋ, ಅದು ಹೇಳು."

ನನ್ನ ಭಾಷಣದ ಒಂದೇ ಒಂದು ಪದ ಉಪಯೋಗಕ್ಕೆ ಬಂತು. "ಬರ್ತಾನೆ."

ಆಗ ಕೊಟ್ಟಳು. ಕೆನ್ನೆಗಲ್ಲ. ಸಕ್ಕರೆ, ದಾಲ್ಚಿನ್ನಿ ಸಮೇತ.

"ಐಲರ್ಟ್‌ಗೆ ಹೇಳಬೇಡ," ಎಂದಳು. "ನಿಯಮಬಾಹಿರ."

ಜೂನ್ 19, ಸಮುದ್ರ

ಐಲರ್ಟ್‌ಗೆ ಹೇಳಬೇಕಾಗಿಯೇ ಬರಲಿಲ್ಲ. ತಿಂಡಿಯ ಮೇಜಿನಲ್ಲಿ ಒಮ್ಮೆ ನಮ್ಮಿಬ್ಬರ ಮುಖ ನೋಡಿದ. ಕಳ್ಳಸಾಗಣೆ ಹಿಡಿಯುವ ಕಣ್ಣು.

"ಅಯ್ಯೋ ದೇವರೇ," ಎಂದು ಚಮಚ ಕೆಳಗಿಟ್ಟ. "ಮೊದಲು ಒಬ್ಬಳು ಕಮ್ಮಿ ಆಗ್ತಿದ್ದಳು. ಈಗ ಇಬ್ಬರು!"

ಗೇಶೆ ಅವನ ಬೆನ್ನಿಗೆ ಗುದ್ದಿದಳು. ಗುರುವಾರದ ರೈಲಿಗೆ ಕೀಲ್‌ಗೆ ಬರುತ್ತಾರಂತೆ, ಹದಿನೈದು ದಿನಕ್ಕೊಮ್ಮೆ. ಅವಳೇ ತೀರ್ಮಾನಿಸಿದಳು. ಐಲರ್ಟ್ ಎದ್ದು ಬಂದು ನನ್ನನ್ನು ತಬ್ಬಿಕೊಂಡ, ಮೂಗು ಒರೆಸಿಕೊಂಡ, ಟವೆಲ್ ಹಾಸಲು ಹೋದ.

ಆಗಸ್ಟ್, ಶನಿವಾರ. ಕೀಲ್, ಮೂರನೇ ಮಹಡಿ

ಬಹಳ ದಿನ ಬರೆಯಲಿಲ್ಲ. ಪುರುಸೊತ್ತಿಲ್ಲ. ಸಂತೋಷಕ್ಕೆ ಇಷ್ಟು ಕೆಲಸ ಇರುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಈ ವಾರ ನಮ್ಮ ಸರದಿ. ಒಂದು ಸುತ್ತು ಗುಡಿಸಿ ಬಂದು ಕೂತೆ, ಅಷ್ಟೆ. ಕೆಳಗಿನ ಮನೆಯಾಕೆ ಕೈಗಂಬಿಯ ಮೇಲೆ ಬೆರಳೆಳೆದು ಧೂಳು ಹುಡುಕಿದಳಂತೆ. ಸಿಗಲಿಲ್ಲವಂತೆ. ಬೇಜಾರಾಯಿತಂತೆ.

ವೀಬ್ಕೆ ಬಾಗಿಲಿನಿಂದ ಕೂಗುತ್ತಿದ್ದಾಳೆ: "ಮೂಲೆ, ಹಿನ್ನರ್ಕ್, ಮೂಲೆ!"

ಯಾವ ಮೂಲೆಯಲ್ಲೂ ಏನೂ ಉಳಿದಿಲ್ಲ. ಅವಳಿಗೂ ಗೊತ್ತು. ಆದರೂ ನಾನು ಪೊರಕೆ ಹಿಡಿದು ಇಳಿಯುತ್ತೇನೆ. ಎರಡನೇ ಮಹಡಿಯ ತಿರುವಿನಲ್ಲಿ ಯಾರ ಬಾಗಿಲೂ ಇಲ್ಲ. ನೋವಿನ ಮೊಣಕಾಲಿನವಳು ಅಲ್ಲಿಗೆ ಮಾತ್ರ ಸರಸರ ಇಳಿದು ಬರುತ್ತಾಳೆ, ಬಂದು… ಸಾಕು, ಮತ್ತೆ ಕೂಗುತ್ತಿದ್ದಾಳೆ. ಹೊರಟೆ.