ಎಚ್ಚರಿಕೆಯನ್ನು ಕಡೆಗಣಿಸಿ ಎಂದು ಬರೆಸಿದವರಿಗೆ

ಆಸ್ಪತ್ರೆಯ ಗಣಕ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನನ್ನ ಸೊಸೆ ತನ್ನ ಪಾಸ್‌ವರ್ಡನ್ನು ಯಾರಿಗೂ ಹೇಳಿಲ್ಲ. ಅದನ್ನು ಊರಿಗೆಲ್ಲ ಸಾರಿದ್ದು ನಿಮ್ಮ ಜಾಲ. ಆದರೂ ಅಮಾನತಾಗಿ ಮನೆಯಲ್ಲಿ ಕೂತಿರುವವಳು ಅವಳು, ಕುರ್ಚಿಯಲ್ಲಿ ಕೂತಿರುವವರು ನೀವು. ಬರುವ ಸೋಮವಾರದೊಳಗೆ "ನನ್ನ ನಿರ್ಲಕ್ಷ್ಯದಿಂದಲೇ ಪಾಸ್‌ವರ್ಡ್ ಪರರ ಪಾಲಾಯಿತು" ಎಂಬ ಹೇಳಿಕೆಗೆ ಸಹಿ ಹಾಕಿದರೆ ಛೀಮಾರಿ ಹಾಕಿ ಕೆಲಸಕ್ಕೆ ಸೇರಿಸಿಕೊಳ್ಳುತ್ತೀರಂತೆ. ಹಾಕದಿದ್ದರೆ ವಜಾ ಅಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಗಾದೆಯಲ್ಲಿ ಕೇಳಿದ್ದೆ. ಕಚೇರಿಯ ಲೆಟರ್‌ಹೆಡ್ಡಿನಲ್ಲಿ ನೋಡಿದ್ದು ಇದೇ ಮೊದಲು.

ಅತ್ತೆಯೊಬ್ಬಳು ಸೊಸೆಯ ಪರವಾಗಿ ಪತ್ರ ಬರೆಯುತ್ತಿದ್ದಾಳೆಂದರೇ ವಿಷಯ ಎಷ್ಟು ಕೆಟ್ಟಿದೆ ಎಂದು ತಮಗೆ ಅರ್ಥವಾಗಬೇಕು. ಹನ್ನೊಂದು ವರ್ಷಗಳಿಂದ ಅಡುಗೆಮನೆಯ ಯಾವ ಡಬ್ಬಿ ಎಲ್ಲಿರಬೇಕು ಎಂಬುದರಲ್ಲೇ ನಮ್ಮಿಬ್ಬರಿಗೆ ಒಮ್ಮತ ಬಂದಿಲ್ಲ. ಆದರೆ ಅವಳ ಬಾಯಿ ಬಿಗಿ ಎಂಬುದಕ್ಕೆ ನಾನೇ ಸಾಕ್ಷಿ. ನಿಮ್ಮ ಆಸ್ಪತ್ರೆಯ ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ನನ್ನ ಒಡಹುಟ್ಟಿದ ತಂಗಿಯ ವರದಿಯಲ್ಲಿ ಏನಿದೆ ಎಂದು ನಾನು ಕೇಳಿದಾಗಲೂ, "ಚಿಕ್ಕತ್ತೆನ್ನೇ ಕೇಳಿ ಅತ್ತೆ, ನಾನು ಹೇಳೋ ಹಾಗಿಲ್ಲ" ಅಂದವಳು. ಮೂರು ದಿನ ನಾನು ಅವಳೊಡನೆ ಮಾತು ಬಿಟ್ಟಿದ್ದೆ.

ಇದು ಬಹಿರಂಗ ಪತ್ರ, ಆದ್ದರಿಂದ ನಡೆದದ್ದು ಗೊತ್ತಿಲ್ಲದ ಓದುಗರಿಗಾಗಿ ಹೇಳುತ್ತೇನೆ. ಶಿಕ್ಷಕಿಯೊಬ್ಬರ ರಕ್ತಪರೀಕ್ಷೆಯ ವರದಿ ಅವರ ಸಹೋದ್ಯೋಗಿಗಳ ಫೋನುಗಳಲ್ಲೆಲ್ಲ ಹರಿದಾಡಿತು. ಆ ಹೆಣ್ಣುಮಗಳಿಗೆ ಆದದ್ದು ಯಾರಿಗೂ ಆಗಬಾರದು. ದಾಖಲೆ ತೆಗೆದು ನೋಡಿದರೆ, ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ಯಾರೋ ನನ್ನ ಸೊಸೆಯ ಹೆಸರು, ಪಾಸ್‌ವರ್ಡ್ ಬಳಸಿ ಅದನ್ನು ಇಳಿಸಿಕೊಂಡಿದ್ದರು. ಆ ಹೊತ್ತಿನಲ್ಲಿ ಅವಳು ಮೂರನೇ ಮಹಡಿಯ ವಾರ್ಡಿನಲ್ಲಿ ರಕ್ತ ತೆಗೆಯುತ್ತಿದ್ದಳು. ಆರು ರೋಗಿಗಳ ಚೀಟಿಗಳ ಮೇಲೆ ಸಮಯವಿದೆ, ದಾದಿಯ ಸಹಿಯಿದೆ. ನೀವು ಅವನ್ನೆಲ್ಲ ತಿರುವಿ ಹಾಕಿ, "ಪಾಸ್‌ವರ್ಡ್ ನಿಮ್ಮದಲ್ವಾ? ಹಾಗಾದ್ರೆ ಜವಾಬ್ದಾರಿನೂ ನಿಮ್ಮದೇ" ಅಂದಿರಿ.

ಸರಿ, ಜವಾಬ್ದಾರಿಯ ಮಾತಾಡೋಣ. ಎಂಟು ತಿಂಗಳ ಹಿಂದೆ ಗೋಡೆಗೆ ಬಣ್ಣ ಬಳಿಯುವವರ ಏಣಿ ತಾಗಿ ಪ್ರಯೋಗಾಲಯದ ನೆಟ್‌ವರ್ಕ್ ಕೇಬಲ್ ತುಂಡಾಯಿತು. ನಿಮ್ಮ ವಿಭಾಗದವರು ಬಂದು ನೋಡಿ, "ಹೊಸ ಕೇಬಲ್ ಬರೋವರೆಗೂ ಹೊರಗಿನ ವೈಫೈಗೆ ಹಾಕ್ಕೊಳಿ, ಕೆಲಸ ನಡೀಲಿ" ಎಂದು ಹೇಳಿ ಹೋದರು. ಹೊರಗಿನ ವೈಫೈ ಎಂದರೆ ರೋಗಿಗಳ ಕಡೆಯವರು ಬೆಂಚಿನ ಮೇಲೆ ಕೂತು ಸಿನಿಮಾ ನೋಡುವ, ಪಾಸ್‌ವರ್ಡೇ ಇಲ್ಲದೆ ಯಾರು ಬೇಕಾದರೂ ಸೇರಬಹುದಾದ ಉಚಿತ ಸಂಪರ್ಕ. ಸಾಲದ್ದಕ್ಕೆ ನಿಮ್ಮ ವರದಿಗಳ ಪುಟಕ್ಕೆ ಬೀಗದ ಗುರುತೇ ಇಲ್ಲ. ಅಲ್ಲಿ ಒತ್ತಿದ ಅಕ್ಷರಗಳು ಯಾವ ಗುಪ್ತಲಿಪಿಗೂ ಬದಲಾಗದೆ ಇದ್ದ ಹಾಗೇ ಗಾಳಿಯಲ್ಲಿ ಹೋಗುತ್ತವೆ. ಕಂಪ್ಯೂಟರಿಗಾದರೂ ಸ್ವಲ್ಪ ಮಾನ ಮರ್ಯಾದೆ ಇದೆ, "ಈ ಪುಟ ಸುರಕ್ಷಿತವಲ್ಲ" ಎಂದು ಪ್ರತಿ ಸಲ ಹೇಳುತ್ತದೆ. ಅದಕ್ಕೆ ನೀವೇನು ಮಾಡಿದಿರಿ? "ಎಚ್ಚರಿಕೆ ಬಂದಲ್ಲಿ ಕಡೆಗಣಿಸಿ ಮುಂದುವರಿಯತಕ್ಕದ್ದು" ಎಂದು ಟೈಪು ಮಾಡಿಸಿ, ಮೊಹರು ಒತ್ತಿ, ಪ್ರಯೋಗಾಲಯದ ಗೋಡೆಗೆ ಅಂಟಿಸಿದಿರಿ! ನನ್ನ ಸೊಸೆ ಎರಡು ಸಲ ಬರಹದಲ್ಲಿ ದೂರಿದಳು. ಉತ್ತರವಾಗಿ ಬಂದದ್ದು ಹೊಸ ನಿಯಮ: ಪಾಸ್‌ವರ್ಡಿನಲ್ಲಿ ಹದಿನಾಲ್ಕು ಅಕ್ಷರವಿರಲಿ, ಅಂಕಿ ಇರಲಿ, ಚಿಹ್ನೆ ಇರಲಿ, ಹದಿನೈದು ದಿನಕ್ಕೊಮ್ಮೆ ಬದಲಾಯಿಸಿ. ಎಂಥ ಕಷ್ಟದ ಪದವಾದರೂ ಬೀದಿಯಲ್ಲಿ ನಿಂತು ಕೂಗಿದರೆ ಬೀದಿಗೆಲ್ಲ ಕೇಳಿಸುತ್ತದೆ, ಸ್ವಾಮಿ. ಹದಿನೈದು ದಿನಕ್ಕೊಮ್ಮೆ ಹೊಸದನ್ನು ಕೂಗಿದರೆ ಹೊಸದೂ ಕೇಳಿಸುತ್ತದೆ.

ಮುದುಕಿಗೇನು ಗೊತ್ತು ಅನ್ನಬೇಡಿ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು ನಾನು. ಟ್ರಂಕ್ ಕಾಲ್ ಜೋಡಿಸಿದ ಮೇಲೆ ಎರಡೂ ಕಡೆ ಕೇಳಿಸುತ್ತಿದೆಯೇ ಎಂದು ನೋಡಲು ನಾವು ಲೈನಿನಲ್ಲಿ ಇರಲೇಬೇಕಿತ್ತು. ಯಾರ ಸಂಬಂಧ ಮುರಿಯಿತು, ಯಾರಿಗೆ ಯಾವ ಕಾಯಿಲೆ, ಎಲ್ಲ ಕಿವಿಗೆ ಬೀಳುತ್ತಿತ್ತು. ಕೇಳಬಾರದೆಂಬ ನಿಯಮವೇನೋ ಇತ್ತು. ನಿಯಮ ಬಂದು ಕಿವಿ ಮುಚ್ಚುತ್ತದೆಯೇ? ಜನಕ್ಕೂ ಇದು ತಿಳಿದಿತ್ತು. "ಮಿಕ್ಕಿದ್ದು ಎದುರಿಗೆ ಸಿಕ್ಕಾಗ ಹೇಳ್ತೀನಿ, ಲೈನಲ್ಲಿ ಆಯಮ್ಮ ಇದಾಳೆ" ಎಂದು ಫೋನಿಡುತ್ತಿದ್ದರು. ನಡುವೆ ಯಾರೋ ಕೂತಿರಬಹುದೆಂಬ ಅಷ್ಟು ತಿಳಿವಳಿಕೆ ಅಂದಿನ ತರಕಾರಿ ವ್ಯಾಪಾರಿಗೂ ಇತ್ತು. ನಿಮ್ಮ ವಿಭಾಗಕ್ಕೆ ಅದನ್ನು ಕಲಿಸಿಕೊಡಬೇಕಾಗಿ ಬಂದಿದೆ.

ಕಲಿಸಿಕೊಡಲೂ ನೋಡಿದೆವು. ನನ್ನ ಅಣ್ಣನ ಮಗಳಿಗೆ ನೆಟ್‌ವರ್ಕ್ ಕಟ್ಟುವುದೇ ಕಸುಬು. ವಿಚಾರಣೆಯ ದಿನ ನಿಮ್ಮ ಒಪ್ಪಿಗೆ ಪಡೆದೇ ಅವಳು ಔಷಧಿ ಕೌಂಟರಿನ ಎದುರಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ನೀವು ಒಳಗೆ ಹೋಗಿ, ಮನಸ್ಸಿಗೆ ಬಂದ ಒಂದು ಪಾಸ್‌ವರ್ಡನ್ನು ಆ ಪುಟದಲ್ಲಿ ಒತ್ತಿದಿರಿ. ನೀವು ಹೊರಗೆ ಬರುವಷ್ಟರಲ್ಲಿ ಅದು ಇವಳ ಪರದೆಯ ಮೇಲಿತ್ತು: "ನನ್ನಜಾಲಭದ್ರ". ನಿಮ್ಮ ಮುಖ ಸಪ್ಪಗಾದದ್ದನ್ನು ನಾನು ಕಣ್ಣಾರೆ ಕಂಡೆ. ಅಷ್ಟರಲ್ಲಿ ನಿಮ್ಮ ಸಹಾಯಕರು, "ನೋಡಿದ್ರಾ ಸರ್, ಕದಿಯೋ ವಿದ್ಯೆ ಇವರ ಮನೆಯವರಿಗೇ ಗೊತ್ತು ಅಂತಾಯ್ತು!" ಅಂದರು. ನೀವು ತಲೆಯಾಡಿಸಿದಿರಿ. ನಡಾವಳಿಯಲ್ಲಿ "ಪ್ರಾತ್ಯಕ್ಷಿಕೆ ಅಪ್ರಸ್ತುತ" ಎಂದು ಬರೆಸಿದಿರಿ. ಕೋಟೆ ಕೊಳ್ಳೆ ಹೋದ ಮೇಲಾದರೂ ದಿಡ್ಡಿ ಬಾಗಿಲು ಹಾಕಿದರಂತೆ ಹಿಂದಿನವರು. ನೀವು ಅದನ್ನೂ ಹಾಕಿಲ್ಲ. ನನ್ನ ಸೊಸೆಯ ಜಾಗಕ್ಕೆ ಬಂದವರು ಇವತ್ತೂ ಅದೇ ಪುಟದಲ್ಲಿ ಅದೇ ವೈಫೈಯಲ್ಲಿ ಪಾಸ್‌ವರ್ಡ್ ಒತ್ತುತ್ತಿದ್ದಾರೆ.

ನಿನ್ನೆ ಮಧ್ಯಾಹ್ನ ಬಟ್ಟೆ ಮಡಚುತ್ತಾ ಸೊಸೆ ಕೇಳಿದಳು, "ಅತ್ತೆ, ಸಹಿ ಹಾಕಿಬಿಡ್ಲಾ? ಸಾಕಾಗಿದೆ. ಕೆಲಸಕ್ಕಾದ್ರೂ ಹೋಗಬಹುದು."

"ಮಾಡದ ತಪ್ಪಿಗೆ ಯಾಕೆ ಹಾಕ್ತೀಯ? ಬೇಡ" ಅಂದೆ.

ಬಾಯಲ್ಲಿ ಹಾಗಂದೆ. ಒಳಗೊಳಗೆ, ಹಾಕಿದರೆ ಹಾಕಲಿ, ಈ ರಗಳೆ ಮುಗಿಯಲಿ ಅನ್ನಿಸಿತು. ಅವಳು ಮುಖ ಎತ್ತಿ ನನ್ನನ್ನೇ ನೋಡಿದಳು, ಅವಳಿಗೆ ಗೊತ್ತಾಯಿತು. ನಿರಪರಾಧಿ ಎಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲ ನಾನೇ ಅವಳ ಸುಳ್ಳು ತಪ್ಪೊಪ್ಪಿಗೆಗೆ ಆಸೆಪಟ್ಟೆನಲ್ಲ, ನನ್ನನ್ನು ಆ ಮಟ್ಟಕ್ಕೆ ತಂದದ್ದಕ್ಕೆ ನಿಮ್ಮನ್ನು ನಾನು ಕ್ಷಮಿಸಲಾರೆ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಪ್ರಯೋಗಾಲಯಕ್ಕೆ ಅದರದೇ ಕೇಬಲ್ ಎಳೆಸಿ. ಆ ಪುಟಕ್ಕೆ ಬೀಗ ಹಾಕಿಸಿ. ಗೋಡೆಯ ಮೇಲಿನ ನಿಮ್ಮ ಆದೇಶವನ್ನು ನಿಮ್ಮ ಕೈಯಾರೆ ಕಿತ್ತು, ಅಮಾನತು ರದ್ದಾಯಿತೆಂದು ಅದೇ ಮೊಹರಿನೊಂದಿಗೆ ಬರೆದುಕೊಡಿ. ತಪ್ಪೊಪ್ಪಿಗೆಯ ಕಾಗದ ನಮ್ಮ ಮನೆಯ ಮೇಜಿನ ಮೇಲೇ ಇದೆ. ಅದರಲ್ಲಿ ಅವಳ ಹೆಸರು ಹೊಡೆದುಹಾಕಿ ನಿಮ್ಮ ಹೆಸರು ಬರೆದರೆ, ಮಿಕ್ಕ ಒಂದಕ್ಷರವನ್ನೂ ಬದಲಾಯಿಸಬೇಕಾಗಿಲ್ಲ. ಸೋಮವಾರ ನಾನೇ ತಂದುಕೊಡುತ್ತೇನೆ, ಪೆನ್ನು ಸಮೇತ.

ಇಂತಿ,
ಇನ್ನೂ ಸಹಿ ಹಾಕದಿರುವವಳ ಅತ್ತೆ